ಬೆರಕೆ ಸೊಪ್ಪು, ಕಲಬೆರಕೆ ಹಾಲು

ಎಲ್ಲರಿಗೂ ನಮಸ್ಕಾರ. ನಾನು ಬೇರೆ ಏನೋ ಬರೆದುಕೊಂಡು ಬಂದಿದ್ದೆ. ಆದರೆ ಬೆಳಗಿನಿಂದ ಈ ವೇದಿಕೆ ಮೇಲೆ ‘ಕಲಬೆರಕೆ ಕನ್ನಡ’ ಅನ್ನುವ ಮಾತು ಮೂರು ಸಲ ಬಂತು, ಮೂರು ಸಲವೂ ಬೈಗುಳವಾಗಿಯೇ ಬಂತು. ಹಾಗಾಗಿ ಆ ಹಾಳೆ ಪಕ್ಕಕ್ಕಿಟ್ಟಿದ್ದೇನೆ. ಬೆರಕೆ ಅನ್ನುವ ಪದದ ಬಗ್ಗೆಯೇ ಮಾತಾಡುತ್ತೇನೆ.

ಬೆರೆ, ಬೆರಸು, ಬೆರಕೆ. ಕಲೆ (ಕೂಡು ಅನ್ನುವ ಅರ್ಥದ್ದು), ಕಲಸು. ಎಲ್ಲವೂ ಅಪ್ಪಟ ಕನ್ನಡ. ಎರಡನ್ನೂ ಕೂಡಿಸಿದರೆ ಕಲಬೆರಕೆ. ಇದರೊಳಗೆ ಮೋಸ ಎಲ್ಲಿದೆ ಹೇಳಿ? ಹಾಲಿಗೆ ನೀರು, ಖಾರದ ಪುಡಿಗೆ ಇಟ್ಟಿಗೆ ಪುಡಿ ಹಾಕಿ ಮಾರಿದವರಿಂದ ಆ ಪದ ಕೆಟ್ಟಿತು. ಬಚ್ಚಿಡೋಕೆ ಬೆರೆಸೋದು ಬೇರೆ, ರುಚಿಗೆ ಬೆರೆಸೋದು ಬೇರೆ.

ನಮ್ಮಜ್ಜಿ ಮಳೆ ಬಿದ್ದ ಮೇಲೆ ರಾಗಿ ಹೊಲದ ಬದುವಿಗೆ ಹೋಗುತ್ತಿದ್ದರು, ನಾನೂ ಹಿಂದೆಯೇ. ಅಣ್ಣೆ, ಗೋಣಿ, ಕನ್ನೆ, ಹೊನಗೊನ್ನೆ, ಗಣಿಕೆ, ಎಲ್ಲದರ ಎಳೆ ಕುಡಿಯನ್ನು ಉಗುರಲ್ಲಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ನಾನು ಸುಮ್ನೆ ಕೈಗೆ ಸಿಕ್ಕಿತು ಅಂತ ಗಣಿಕೆಯನ್ನೇ ಜಾಸ್ತಿ ಕಿತ್ತರೆ ಕೈ ಮೇಲೊಂದು ಏಟು. ‘ಒಂದು ಹಿಡಿ ಸಾಕು ಕಣೇ, ಮಿಕ್ಕಿದ್ದರ ಬಾಯಿ ಮುಚ್ಚಿಸಿಬಿಡ್ತದೆ!’ ಕಹಿ ಬೇಕು, ಆದರೆ ಒಂದೇ ಹಿಡಿ. ಅಲಸಂದೆ ಕಾಳಿನ ಜೊತೆ ಬೇಯಿಸಿ ಬಸಿದರೆ ಬಸ್ಸಾರು, ಪಕ್ಕದಲ್ಲಿ ಬಿಸಿ ಮುದ್ದೆ. ಆ ಸೊಪ್ಪಿಗೆ ಊರೆಲ್ಲ ಕರೆಯೋದು ಬೆರಕೆ ಸೊಪ್ಪು ಅಂತಲೇ. ಅಲ್ಲಿ ಬೆರಕೆ ಬೈಗುಳ ಅಲ್ಲ, ಅಲ್ವಾ?

ಈಗ ಕವಿಗಳ ಕಡೆ ಬನ್ನಿ. ಸಂಸ್ಕೃತ, ಕನ್ನಡ ಪದಗಳನ್ನು ಕಂಡಾಬಟ್ಟೆ ಸಮಾಸ ಮಾಡೋದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬೆರೆಸಿದ ಹಾಗೆ ಅಂತ 9ನೇ ಶತಮಾನದಲ್ಲೇ ಕವಿರಾಜಮಾರ್ಗ ಹೇಳಿತು. 1112ರ ಹೊತ್ತಿಗೆ ನಯಸೇನ ಇನ್ನೂ ಗಟ್ಟಿಯಾಗಿ ಕೇಳಿದ: ‘ತಕ್ಕುದೆ ಬೆರಸಲ್ಕೆ ಘೃತಮುಮಂ ತೈಲಮುಮಂ?’ ತುಪ್ಪಕ್ಕೆ ಎಣ್ಣೆ ಬೆರೆಸಬಹುದಾ ಅಂತ. ಆದರೆ ನೋಡಿ, ಬೆರೆಸಬೇಡಿ ಅನ್ನುವಾಗಲೂ ಅವನ ಬಾಯಿಗೆ ಬಂದದ್ದು ಘೃತ, ತೈಲ ಅನ್ನುವ ಸಂಸ್ಕೃತ ಪದಗಳೇ! ವ್ಯಾಕರಣದವರು ಇಂಥ ಸಮಾಸಕ್ಕೆ ಇಟ್ಟ ಹೆಸರು ಅರಿಸಮಾಸ. ಅರಿ ಅಂದರೆ ಶತ್ರು. ಆದರೂ ಮಳೆಗಾಲ ಅನ್ನದೆ ಇರೋಕಾಗುತ್ತಾ? ಮಳೆ ನಮ್ಮದು, ಕಾಲ ಸಂಸ್ಕೃತದ್ದು.

ಕೊನೆಗೆ ಮುದ್ದಣ ಬಂದು ಅದನ್ನೇ ಎಷ್ಟು ಚೆನ್ನಾಗಿ ತಿರುಗಿಸಿದ! ಕರಿಮಣಿ ಸರದಲ್ಲಿ ಕೆಂಪು ಹವಳ ಕೋದ ಹಾಗೆ ಬೆರೆಸುತ್ತೇನೆ ಅಂದ. ಹವಳ ಹವಳವಾಗಿಯೇ ಕಾಣುತ್ತೆ, ಮಣಿ ಮಣಿಯಾಗಿಯೇ. ಏನನ್ನೂ ಬಚ್ಚಿಟ್ಟಿಲ್ಲ. ನಾನು ಹೇಳುತ್ತಿರೋದೂ ಅದನ್ನೇ.

ಚಿತ್ರಾನ್ನದ ‘ಚಿತ್ರ’ಕ್ಕೆ ಬಗೆಬಗೆಯ ಬಣ್ಣದ್ದು ಅನ್ನೋ ಅರ್ಥ ಇದೆ. ಹಳದಿ ಅನ್ನ, ಕಪ್ಪು ಸಾಸಿವೆ, ಹಸಿರು ಕರಿಬೇವು, ನಡುವೆ ಕಡಲೆಬೀಜ. ಇಷ್ಟು ಚೆಂದದ ಹೆಸರನ್ನು ನಾವು ‘ಪರೀಕ್ಷೆ ಚಿತ್ರಾನ್ನ ಆಯ್ತು’ ಅಂತ ಹಾಳು ಮಾಡಿಕೊಂಡಿದ್ದೇವೆ. ಚೌಚೌ ಬಾತ್ ತಗೊಳ್ಳಿ. ಬಾತ್ ಮರಾಠಿಯ ಭಾತ್. ಚೌಚೌ ಅನ್ನುವ ಮಾತು ಚೀನಾದ ಬಂದರುಗಳ ವ್ಯಾಪಾರದ ಇಂಗ್ಲಿಷಿನಲ್ಲಿತ್ತು, ಅಲ್ಲೂ ಅದಕ್ಕೆ ಬೆರಕೆ ಅನ್ನುವ ಅರ್ಥವೇ. ನಮ್ಮ ಚೌಚೌ ಅದೇ ಅಂತ ನನಗನ್ನಿಸುತ್ತೆ. ತಟ್ಟೆ ನೋಡಿದ್ದೀರಲ್ಲ, ಖಾರ ಒಂದು ಕಡೆ, ಸಿಹಿ ಒಂದು ಕಡೆ, ನಡುವೆ ಸಣ್ಣದೊಂದು ಗೆರೆ. ಬೆರೆಸೋದು ತಿನ್ನುವವರ ಇಷ್ಟ.

ಸಮಯ ಆಯ್ತು ಅಂತ ಚೀಟಿ ಬಂದಿದೆ. ಗದ್ಯ, ಪದ್ಯ ಬೆರೆತ ಚಂಪೂ ಬಗ್ಗೆ ಹೇಳಬೇಕಿತ್ತು, ರಾಗಿ ನಡುವೆ ಅವರೆ, ತೊಗರಿ ಹಾಕುವ ಅಕ್ಕಡಿ ಸಾಲಿನ ಬಗ್ಗೆಯೂ. ಬಿಡಿ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ನಿಮ್ಮೂರ ಬೆರಕೆ ಸೊಪ್ಪಿಗೆ ಏನೇನು ಸೇರುತ್ತೆ, ಊಟದ ಹೊತ್ತಲ್ಲಿ ಬಂದು ಹೇಳಿ. ನೋಟ್‌ಬುಕ್ ತಂದಿದ್ದೇನೆ.