ಚಳಿ ಬಿದ್ದಾಗ ಆನೆಗೊಂದಿಯ ಬಂಡೆ

ಕೇಳುಗರೆಲ್ಲರಿಗೂ ನಮಸ್ಕಾರ.

ಗುಲ್ಮಾರ್ಗ್, ಔಲಿಯಂಥ ಊರುಗಳಲ್ಲಿ ಚಳಿಗಾಲ ಬಂತೆಂದರೆ ಜನ ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಇಳಿಜಾರಿಗೆ ಹೊರಡುತ್ತಾರೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಹಿಮ ಎಲ್ಲಿ ಬರಬೇಕು? ಆದರೆ ಅದೇ ದಿನಗಳಲ್ಲಿ ಆನೆಗೊಂದಿ, ಸಾಣಾಪುರ, ಹನುಮನಹಳ್ಳಿಯ ಸುತ್ತ, ಬೆನ್ನಿಗೆ ದಪ್ಪನೆಯ ಹಾಸಿಗೆಯೊಂದನ್ನು ಬಿಗಿದುಕೊಂಡು ಗದ್ದೆಯ ಬದುವಿನ ಮೇಲೆ ಬೆಟ್ಟದ ಕಡೆ ನಡೆಯುವವರನ್ನು ನೀವು ನೋಡಿರುತ್ತೀರಿ. ಅವರದು ಬೌಲ್ಡರಿಂಗ್. ಹಗ್ಗ ಇಲ್ಲ, ಕೊಕ್ಕೆ ಇಲ್ಲ. ಮೂರು, ನಾಲ್ಕು, ಹೆಚ್ಚೆಂದರೆ ಐದು ಮೀಟರಿನ ಗುಂಡನ್ನು ಬರೀ ಕೈಕಾಲಿನಿಂದ ಹತ್ತುವುದು. ನವೆಂಬರ್ ಕೊನೆಯಿಂದ ಫೆಬ್ರವರಿಯ ನಡುವಿನವರೆಗೆ ಇದರ ಹಂಗಾಮು. ಇದಕ್ಕೆಂದೇ ಹೊರದೇಶಗಳಿಂದ ಜನ ಬಂದು ವಾರಗಟ್ಟಲೆ ಉಳಿಯುತ್ತಾರೆ. ನಮ್ಮ ಊರುಗಳ ಕೆಲವು ಯುವಕರೂ ಕಲಿತಿದ್ದಾರೆ, ಕಲಿಸುತ್ತಲೂ ಇದ್ದಾರೆ. ಆದರೆ ಗಂಗಾವತಿ, ಕೊಪ್ಪಳ, ಹೊಸಪೇಟೆಯ ಬಹುಪಾಲು ಹುಡುಗ ಹುಡುಗಿಯರಿಗೆ ಮನೆಬಾಗಿಲಲ್ಲಿರುವ ಈ ಆಟದ ಪರಿಚಯವೇ ಇಲ್ಲ. ಅವರೂ ಹತ್ತಬೇಕು, ಕೈಕಾಲು ಮುರಿದುಕೊಳ್ಳದೆ ಹತ್ತಬೇಕು, ಹತ್ತಬಾರದ ಕಲ್ಲು ಯಾವುದು ಎಂದು ತಿಳಿದು ಹತ್ತಬೇಕು.

ಮೊದಲು ಕಲ್ಲಿನ ಮಾತು. ವಾಲಿ ಸುಗ್ರೀವರು ಕಾದಾಡುವಾಗ ಒಬ್ಬರ ಮೇಲೊಬ್ಬರು ಎಸೆದ ಬಂಡೆಗಳಿವು ಎಂಬ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಭೂವಿಜ್ಞಾನಿಗಳು ಹೇಳುವುದು ಬೇರೆ. ಇದು ರಾಮನಗರದ ಕಡೆಯಿಂದ ನಮ್ಮವರೆಗೆ ಉದ್ದಕ್ಕೆ ಹಬ್ಬಿರುವ ಕ್ಲೋಸ್‌ಪೇಟ್ ಗ್ರಾನೈಟ್; ವಯಸ್ಸು ಸುಮಾರು 250 ಕೋಟಿ ವರ್ಷ. ಭೂಮಿಯ ಆಳದಲ್ಲಿ ಕರಗಿದ ಶಿಲೆ ಆರಿ ಗಟ್ಟಿಯಾಯಿತು. ಅದರಲ್ಲಿ ಅಡ್ಡ ಉದ್ದ ಬಿರುಕು ಬಿಟ್ಟವು. ಬಿರುಕಿನೊಳಗೆ ನೀರು ಇಳಿಯಿತು. ಮೂಲೆಗಳಿಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಅವು ಬೇಗ ಸವೆದವು, ನಡುವಿನ ತಿರುಳು ದುಂಡಗೆ ಉಳಿಯಿತು. ಸುತ್ತಲ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಗುಂಡುಗಳು ಹೊರಗೆ ಕಂಡವು. ಹಾಗಾಗಿ ಒಂದರ ಮೇಲೊಂದು ಕೂತಿರುವ ಗುಂಡುಗಳನ್ನು ಯಾರೂ ತಂದು ಪೇರಿಸಿದ್ದಲ್ಲ. ಬಹಳಷ್ಟು ಹುಟ್ಟಿದ ಜಾಗದಲ್ಲೇ ನಿಂತಿವೆ.

ಹತ್ತುವವರಿಗೆ ಇದರಲ್ಲಿ ಎರಡು ಪಾಠಗಳಿವೆ. ಗ್ರಾನೈಟಿನ ಮೈ ಒರಟು. ಬೆಣಚು, ಫೆಲ್ಡ್‌ಸ್ಪಾರ್ ಹರಳುಗಳು ಮೇಲೆ ಎದ್ದು ನಿಂತಿರುತ್ತವೆ. ಬೆರಳಿಗೆ, ರಬ್ಬರಿಗೆ ಹಿಡಿತ ಕೊಡುವುದು ಅವೇ, ಬೆರಳಿನ ಚರ್ಮ ಸುಲಿಯುವುದೂ ಅವೇ. ಎರಡನೆಯದು, ಬಂಡೆಯ ಮೇಲ್ಮೈ ಪದರ ಪದರವಾಗಿ ಏಳುತ್ತದೆ. ಹಾಗೆ ಎದ್ದ ಚಕ್ಕೆ ನೋಡಲು ಒಳ್ಳೆಯ ಹಿಡಿಯಂತೆ ಕಾಣುತ್ತದೆ. ಮುಷ್ಟಿಯಿಂದ ತಟ್ಟಿ ನೋಡಿ. ಗಟ್ಟಿ ಕಲ್ಲು ಸದ್ದು ಕೊಡುವುದಿಲ್ಲ. ಟೊಳ್ಳು ಸದ್ದು ಬಂದರೆ ಅದನ್ನು ಹೊರಗೆ ಎಳೆಯಬೇಡಿ. ಮೈಭಾರ ಬಿದ್ದರೆ ಚಕ್ಕೆ ಕಿತ್ತು, ನಿಮ್ಮ ಜೊತೆಗೇ ಕೆಳಗಿದ್ದವರ ತಲೆಯ ಮೇಲೆ ಬೀಳುತ್ತದೆ.

ಚಳಿಗಾಲವೇ ಯಾಕೆ ಬೇಕು? ಕಲ್ಲು ತಂಪಾಗಿದ್ದರೆ ಅಂಗೈ ಬೆವರುವುದಿಲ್ಲ, ಬೂಟಿನ ರಬ್ಬರ್ ಮೆತ್ತಗಾಗಿ ಜಾರುವುದಿಲ್ಲ. ಜನವರಿಯ ಬೆಳಗ್ಗೆ ಇಲ್ಲಿ 15ರಿಂದ 18 ಡಿಗ್ರಿ ಇರುತ್ತದೆ. ಹನ್ನೊಂದು ಗಂಟೆಗೆ ಅದೇ ಬಂಡೆ ಕೈಯಿಡಲಾಗದಷ್ಟು ಕಾದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಂತೂ ಯೋಚಿಸುವುದೇ ಬೇಡ. ಬೆಳಗ್ಗೆ ಪಡುವಣಕ್ಕೆ ಮುಖ ಮಾಡಿದ ಬಂಡೆಯನ್ನು, ಸಂಜೆ ನಾಲ್ಕರ ನಂತರ ಮೂಡಣಕ್ಕೆ ಮುಖ ಮಾಡಿದ್ದನ್ನು ಆರಿಸಿಕೊಂಡರೆ ನೆರಳಿನಲ್ಲೇ ಇರುತ್ತೀರಿ. ಕಾಲುವೆ, ಗದ್ದೆಗಳ ಹತ್ತಿರದ ಗುಂಡುಗಳ ಮೇಲೆ ನಸುಕಿನಲ್ಲಿ ಇಬ್ಬನಿ ಇರುತ್ತದೆ. ಅದು ಆರಲಿ, ಆಮೇಲೆ ಕೈ ಹಾಕಿ. ಡಿಸೆಂಬರಿನಲ್ಲಿ ಚಂಡಮಾರುತದ ಮಳೆ ಬಂದು ಹೋದರೂ ಹೆದರಬೇಕಿಲ್ಲ. ಬಾದಾಮಿಯ ಮರಳುಗಲ್ಲು ನೆನೆದರೆ ಒಳಗಿನಿಂದಲೇ ಮೆದುವಾಗುತ್ತದೆ, ಅಲ್ಲಿ ಕಲ್ಲು ಪೂರ್ತಿ ಒಣಗುವ ತನಕ ಕಾಯಲೇಬೇಕು. ನಮ್ಮ ಕಲ್ಲು ಬಿಸಿಲು ಬಂದ ಕೆಲವೇ ತಾಸುಗಳಲ್ಲಿ ಒಣಗುತ್ತದೆ. ಪಾಚಿ ಕಟ್ಟಿದ ಕಡೆ, ಬಿರುಕಿನಿಂದ ನೀರು ಜಿನುಗುವ ಕಡೆ ಮಾತ್ರ ಎಚ್ಚರ.

ಬೇಕಾದ ಸಾಮಾನು ಮೂರೇ: ಬೂಟು, ಕೈಗೆ ಹಚ್ಚುವ ಪುಡಿ, ಬೀಳುವ ಕಡೆ ಹಾಸುವ ಹಾಸಿಗೆ ಅಂದರೆ ಪ್ಯಾಡು.

ಬೂಟು ಈ ಕೆಲಸಕ್ಕೇ ಮಾಡಿದ್ದಾಗಿರಬೇಕು. ಅಡಿಯಲ್ಲಿ ಸುಮಾರು 4 ಮಿಲಿಮೀಟರ್ ದಪ್ಪದ ಅಂಟು ರಬ್ಬರ್ ಇರುತ್ತದೆ. ಬೆರಳು ತುಸು ಮಡಚುವಷ್ಟು ಬಿಗಿ ಸಾಕು. ಹೊಸಬರು ನೋವಾಗುವಷ್ಟು ಸಣ್ಣ ಅಳತೆ ಕೊಂಡು, ಕಾಲಿನ ಮೇಲೆ ಭಾರ ಹಾಕಲು ಹೆದರಿ, ಎಲ್ಲವನ್ನೂ ಕೈಯಿಂದಲೇ ಎಳೆಯುತ್ತಾರೆ. ಇಲ್ಲಿ ಕಾಲು ಜಾರಲು ಬಹಳ ಸಲ ಕಾರಣ ಅಡಿಗೆ ಹತ್ತಿದ ಉಸುಕು. ಪ್ಯಾಡಿನ ಪಕ್ಕ ಒಂದು ಗೋಣಿತಟ್ಟು ಹಾಸಿ, ಪ್ರತಿ ಸಲ ಬೂಟಿನ ತಳ ಒರೆಸಿಕೊಂಡೇ ಕಲ್ಲಿಗೆ ಕಾಲಿಡಿ. ಪುಡಿ ಎಂದರೆ ಮೆಗ್ನೀಸಿಯಂ ಕಾರ್ಬೊನೇಟ್, ಭಾರ ಎತ್ತುವವರು ಕೈಗೆ ಹಚ್ಚುವುದೂ ಅದನ್ನೇ. ಮುಖಕ್ಕೆ ಹಚ್ಚುವ ಪೌಡರ್ ಹಾಕಿದರೆ ಕೈ ಇನ್ನೂ ಜಾರುತ್ತದೆ. ಶಾಲೆಯ ಸೀಮೆಸುಣ್ಣವೂ ಬೇಡ. ಅದು ಬೆವರಿಗೆ ಕಲಸಿ ಮೆತ್ತಿಕೊಳ್ಳುತ್ತದೆ.

ಪ್ಯಾಡಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಜೀವ ಕಾಯುವುದು ಅದೇ. ಸಾಮಾನ್ಯವಾಗಿ ಒಂದು ಮೀಟರ್ ಅಗಲ, ಒಂದೂಕಾಲು ಮೀಟರ್ ಉದ್ದ, 10ರಿಂದ 12 ಸೆಂಟಿಮೀಟರ್ ದಪ್ಪ. ಒಳಗೆ ಎರಡು ಬಗೆಯ ಫೋಮ್: ಮೇಲೆ ತೆಳುವಾದ ಗಟ್ಟಿ ಪದರ, ಕೆಳಗೆ ದಪ್ಪನೆಯ ಮೆತ್ತನೆ ಪದರ. ಗಟ್ಟಿಯದು ಹೊಡೆತವನ್ನು ಅಗಲಕ್ಕೆ ಹಂಚುತ್ತದೆ, ಮೆತ್ತನೆಯದು ಕುಗ್ಗಿ ನುಂಗುತ್ತದೆ. ತಲೆಕೆಳಗಾಗಿ ಹಾಸಿದರೆ ಪಾದ ಮೆತ್ತನೆಯದರಲ್ಲಿ ಹೂತು ಕಾಲು ಉಳುಕುತ್ತದೆ. ಮನೆಯ ಹತ್ತಿ ಗಾದಿ ಇದಕ್ಕೆ ಆಗಿಬರುವುದಿಲ್ಲ. ಬಿದ್ದ ಭಾರಕ್ಕೆ ಹತ್ತಿ ಒಮ್ಮೆಲೇ ಕೂತು ಕಾಲು ನೆಲಕ್ಕೆ ತಾಗುತ್ತದೆ. ಹಾಸುವ ಮೊದಲು ಕೆಳಗಿನ ಕಲ್ಲು ತೆಗೆಯಿರಿ, ಗುಂಡಿಗೆ ಒಣಹುಲ್ಲು ತುಂಬಿ. ಎರಡು ಪ್ಯಾಡುಗಳ ನಡುವಿನ ಸಂದು, ಮಡಚುವ ಪ್ಯಾಡಿನ ನಡುವಿನ ಗೆರೆ, ಇವೇ ಕಾಲು ಮುರಿಯುವ ಜಾಗಗಳು. ಸಂದಿನ ಮೇಲೆ ಇನ್ನೊಂದು ತೆಳು ಪ್ಯಾಡ್ ಎಳೆಯಿರಿ. ಹತ್ತುವವರು ಅಡ್ಡಕ್ಕೆ ಸರಿದಂತೆ ಪ್ಯಾಡೂ ಸರಿಯಬೇಕು.

ಕೆಳಗೆ ನಿಂತವರು ಬೀಳುವವರನ್ನು ಎತ್ತಿ ಹಿಡಿಯಲು ಹೋಗಬಾರದು. ಹೆಬ್ಬೆರಳನ್ನು ಅಂಗೈಗೆ ಸೇರಿಸಿ, ಮೊಳಕೈ ತುಸು ಬಗ್ಗಿಸಿ, ಹತ್ತುವವರ ಸೊಂಟದ ಕಡೆಗೆ ಕೈ ಒಡ್ಡಿ, ಬರುವ ಮೈಯನ್ನು ಪ್ಯಾಡಿನ ನಡುವಿಗೆ ತಿರುಗಿಸಿದರೆ ಸಾಕು. ತಲೆ ಕಲ್ಲಿಗೆ ಬಡಿಯದಂತೆ ನೋಡಿಕೊಳ್ಳುವುದೇ ಮುಖ್ಯ. ಬೀಳುವವರು ಎರಡೂ ಪಾದದ ಮೇಲೆ ಇಳಿದು, ಮಂಡಿ ಬಗ್ಗಿಸಿ, ಹಿಂದಕ್ಕೆ ಉರುಳಬೇಕು. ಕೈಯನ್ನು ಬೆನ್ನ ಹಿಂದೆ ಊರಿದರೆ ಮುಂಗೈ ಮೂಳೆ ಹೋಗುತ್ತದೆ. ಮೊದಲ ದಿನ ಒಂದು ಮೀಟರ್ ಎತ್ತರದಿಂದ ಬೇಕೆಂದೇ ಬಿದ್ದು ಅಭ್ಯಾಸ ಮಾಡಿಸಿ.

ಇನ್ನು ಹತ್ತುವ ಕ್ರಮ. ಕಲ್ಲಿಗೆ ಕೈ ಹಾಕುವ ಮುನ್ನ ಒಂದು ಸುತ್ತು ಬಂದು ಇಳಿಯುವ ದಾರಿ ನೋಡಿ. ಹತ್ತಿ ಕೂತ ಮೇಲೆ ಇಳಿಯಲು ದಾರಿಯಿಲ್ಲ ಎಂದು ತಿಳಿಯುವುದು ಇಲ್ಲಿ ತುಂಬ ಸಾಮಾನ್ಯ. ಹದಿನೈದು ಇಪ್ಪತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಓರೆಯಾಗಿ ಮಲಗಿದ ಬಂಡೆಯ ಮೇಲೆ ಹೆದರಿಕೆಯಿಂದ ಎದೆಯನ್ನು ಕಲ್ಲಿಗೆ ಒತ್ತಬೇಡಿ. ಆಗ ಭಾರ ಪಾದದ ಮೇಲಿಂದ ಸರಿದು ಪಾದ ಕೆಳಕ್ಕೆ ಜಾರುತ್ತದೆ. ಸೊಂಟ ಹಿಂದೆ, ಹಿಮ್ಮಡಿ ಕೆಳಗೆ, ಭಾರವೆಲ್ಲ ಪಾದದ ಮುಂಭಾಗದ ಮೇಲೆ ಇದ್ದರೆ ಹಿಡಿಯಿಲ್ಲದ ಕಡೆಯೂ ರಬ್ಬರ್ ನಿಲ್ಲುತ್ತದೆ. ನಮ್ಮ ಗುಂಡುಗಳ ನಿಜವಾದ ಕಷ್ಟ ತುದಿಯಲ್ಲಿದೆ: ತಲೆ ನುಣ್ಣಗೆ ದುಂಡಗಿರುತ್ತದೆ, ಹಿಡಿಯಲು ಏನೂ ಸಿಗದು. ಅಲ್ಲಿ ಎಳೆಯುವುದು ಬಿಟ್ಟು ಒತ್ತಬೇಕು, ಊರಮುಂದಿನ ಎತ್ತರದ ಕಟ್ಟೆ ಹತ್ತುವ ಹಾಗೆ: ಅಂಗೈ ಊರಿ, ಕೈಯ ಪಕ್ಕಕ್ಕೇ ಒಂದು ಪಾದ ತಂದು, ಮೇಲೆ ಏಳಬೇಕು. ಹೊಟ್ಟೆಯನ್ನು ಕಲ್ಲಿಗೆ ಹಚ್ಚಿ ಕಾಲು ಇಳಿಬಿಟ್ಟು ತೆವಳುವವರು ಕೆಳಕ್ಕೆ ಜಾರುತ್ತಾರೆ.

ಕಷ್ಟದ ಮಟ್ಟವನ್ನು ವಿ-0ಯಿಂದ ವಿ-17ರವರೆಗೆ ಅಳೆಯುತ್ತಾರೆ. ಮೊದಲ ಹಂಗಾಮಿನಲ್ಲಿ ವಿ-0, ವಿ-1 ಸಾಕು. ಎತ್ತರವೂ ಮೂರು ಮೀಟರಿನ ಒಳಗಿರಲಿ. ಬೆರಳ ತುದಿ ಕೆಂಪಾಗಿ ಹೊಳೆಯತೊಡಗಿದರೆ ಆ ದಿನದ ಆಟ ಮುಗಿಸಿ. ಇನ್ನೊಂದು ಪ್ರಯತ್ನಕ್ಕೆ ಚರ್ಮ ಹರಿದು ವಾರ ಹೋಗುತ್ತದೆ. ಬೆಳೆಯುವ ವಯಸ್ಸಿನ ಮಕ್ಕಳು ತೀರ ಸಣ್ಣ ಅಂಚುಗಳಲ್ಲಿ ಬೆರಳ ತುದಿಯಿಂದ ನೇತಾಡಬಾರದು. ಆ ವಯಸ್ಸಿನಲ್ಲಿ ಬೆರಳ ಮೂಳೆಯ ಬೆಳೆಯುವ ಭಾಗ ಇನ್ನೂ ಎಳೆಯದು. ಅಲ್ಲಿ ಬಿರುಕು ಬಿಟ್ಟರೆ ಬೆರಳೇ ಸೊಟ್ಟಾಗಬಹುದು.

ಈಗ ಹತ್ತಬಾರದ ಕಲ್ಲುಗಳು. ಆನೆಗೊಂದಿಯ ಬಂಡೆಗಳ ನಡುವೆ ಓಡಾಡಿದರೆ ಸಾಲಾಗಿ ಕೊರೆದ ಚೌಕ ತೂತುಗಳು ಕಾಣುತ್ತವೆ. ವಿಜಯನಗರದ ಕಲ್ಲುಕುಟಿಗರು ಅವುಗಳಲ್ಲಿ ಬೆಣೆ ಹೊಡೆದು ಬಂಡೆ ಸೀಳಿದ ಗುರುತು ಅವು. ಕಲ್ಲು ಯಾವ ಗೆರೆಯಲ್ಲಿ ಬಿಡುತ್ತದೆ ಎಂದು ಅವರು ಓದಿದ ಹಾಗೆಯೇ ಹತ್ತುವವರೂ ಓದಬೇಕು. ಆದರೆ ಅರ್ಧ ಸೀಳಿ ಬಿಟ್ಟ ಬಂಡೆಯೂ ಇತಿಹಾಸದ ದಾಖಲೆಯೇ, ಅದನ್ನು ಹಾಗೇ ಬಿಡಿ. ಆನೆಗೊಂದಿ ಹತ್ತಿರದ ಒನಕೆ ಕಿಂಡಿಯಲ್ಲಿ ಆದಿಮಾನವರು ಕೆಮ್ಮಣ್ಣಿನ ಬಣ್ಣದಲ್ಲಿ ಬರೆದ ಚಿತ್ರಗಳಿವೆ. ಬಿಳಿ ಪುಡಿ ಅವುಗಳ ಮೇಲೆ ಕೂತರೆ ಮತ್ತೆ ತೆಗೆಯಲಾಗದು, ಉಜ್ಜಿದರೆ ಬಣ್ಣವೂ ಹೋಗುತ್ತದೆ. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದಲ್ಲಿ ಕಬ್ಬಿಣ ಯುಗದ ಜನ ಚಪ್ಪಡಿ ನಿಲ್ಲಿಸಿ ಕಟ್ಟಿದ ಸಮಾಧಿ ಮನೆಗಳು ನೂರಾರಿವೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಆ ಚಪ್ಪಡಿಗಳಿಗೆ ಗಾರೆಯ ಆಸರೆ ಇಲ್ಲ, ಅವುಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವವರನ್ನು ತಡೆಯಬೇಕು. ಕೊಪ್ಪಳದ ಪಾಲ್ಕಿಗುಂಡು, ಗವಿಮಠದ ಬೆಟ್ಟಗಳಲ್ಲಿ ಅಶೋಕನ ಶಾಸನಗಳಿವೆ; 1931ರಲ್ಲಿ ಬೆಳಕಿಗೆ ಬಂದವು. ಪಾಲ್ಕಿಗುಂಡನ್ನು ನೋಡಿದ ಯಾವ ಹತ್ತುಗಾರನಿಗೂ ಕೈ ತುರಿಸುತ್ತದೆ, ಅಷ್ಟು ಚೆಂದ ಅದು ನಿಂತಿದೆ. ಅಲ್ಲಿ ನೋಡಿ, ಓದಿ, ಬನ್ನಿ. ಜಬ್ಬಲಗುಡ್ಡದ ಬಳಿಯ ಕುಮ್ಮಟದುರ್ಗ ಗಂಡುಗಲಿ ಕುಮಾರರಾಮನ ಕೋಟೆ; ಅಲ್ಲಿಯ ಗೋಡೆಗಳನ್ನು ಆಧಾರಕ್ಕೆ ಹಿಡಿಯಬೇಡಿ. ಅಂಜನಾದ್ರಿಗೆ 575 ಮೆಟ್ಟಿಲುಗಳಿವೆ, ಅದನ್ನು ಮೆಟ್ಟಿಲಿನಿಂದಲೇ ಹತ್ತೋಣ. ಮಾಧ್ವ ಯತಿಗಳ ಬೃಂದಾವನಗಳಿರುವ ನವಬೃಂದಾವನದ ನಡುಗಡ್ಡೆಯ ಬಂಡೆಗಳೂ ಬೇಡ.

ದಾರಿಯ ಮಾತು ಇನ್ನೊಂದಿಷ್ಟಿದೆ. ಡಿಸೆಂಬರ್ ಜನವರಿಯಲ್ಲಿ ಬೇಸಿಗೆ ಭತ್ತದ ಸಸಿಮಡಿ ಬಿದ್ದಿರುತ್ತದೆ, ನಾಟಿಯೂ ನಡೆದಿರುತ್ತದೆ. ಬದು ಬಿಟ್ಟು ಇಳಿಯಬೇಡಿ. ಹೊಲದವರು ಕಂಡರೆ ನಿಂತು ಕೇಳಿ ಹೋಗಿ. ಜೋತುಬಿದ್ದ ಬಂಡೆಯ ಕೆಳಗೆ ಹೆಜ್ಜೇನು ಗೂಡು ಕಟ್ಟುತ್ತದೆ. ಅತ್ತರು ಬೇಡ, ಹೊಗೆ ಬೇಡ, ಗಲಾಟೆ ಬೇಡ. ಒಂದು ಹುಳ ಕುಟುಕಿದರೆ ಪ್ಯಾಡು ಅಲ್ಲೇ ಬಿಟ್ಟು ಓಡಿ. ಬಿರುಕಿಗೆ ಕೈ ಹಾಕುವ ಮೊದಲು ಕಣ್ಣು ಹಾಯಿಸಿ, ಚೇಳು ಹಾವುಗಳಿಗೂ ಬೆಚ್ಚಗಿನ ಜಾಗ ಅದೇ. ಈ ಬೆಟ್ಟಗಳಲ್ಲಿ ಚಿರತೆ, ಕರಡಿ ಇವೆ. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಒಬ್ಬರೇ ಅಲೆಯಬೇಡಿ. ಮೈ ಬೆವರಿತೆಂದು ಸಾಣಾಪುರದ ಕೆರೆಗೋ ಹೊಳೆಗೋ ಧುಮುಕಬೇಡಿ. ತುಂಗಭದ್ರೆಯಲ್ಲಿ ಬಂಡೆಗಳ ಸಂದಿನ ಸೆಳೆತ ಮೇಲಿಂದ ಕಾಣುವುದಿಲ್ಲ, ಮೊಸಳೆಗಳೂ ಇವೆ.

ಕಾಲೇಜಿನ ದೈಹಿಕ ಶಿಕ್ಷಕರು ಮನಸ್ಸು ಮಾಡಿದರೆ ಇದೇ ಹಂಗಾಮಿನಲ್ಲಿ ಶುರು ಮಾಡಬಹುದು. ಮೂರು ಪ್ಯಾಡ್, ಬೇರೆ ಬೇರೆ ಅಳತೆಯ ಎಂಟು ಜೊತೆ ಬೂಟು, ಆರೇಳು ವಿದ್ಯಾರ್ಥಿಗಳು, ಬಂಡೆ ಬಲ್ಲ ಸ್ಥಳೀಯ ತರಬೇತುದಾರರೊಬ್ಬರು, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಗಂಗಾವತಿಯಿಂದ ಆನೆಗೊಂದಿಗೆ ಬೆಳಗಿನ ಬಸ್ಸು ಹಿಡಿದರೆ ಬಿಸಿಲೇರುವ ಮುಂಚೆ ಎರಡು ತಾಸಿನ ಅಭ್ಯಾಸ ಮುಗಿಯುತ್ತದೆ. ಹೊರಡುವಾಗ ಮೆದು ಬ್ರಷ್‌ನಿಂದ ಹಿಡಿಗಳ ಮೇಲಿನ ಪುಡಿ ಉಜ್ಜಿ ತೆಗೆಯಿರಿ. ತಂತಿ ಬ್ರಷ್ ಬೇಡ, ಅದು ಹರಳುಗಳನ್ನೇ ಕಿತ್ತು ಕಲ್ಲನ್ನು ನುಣುಪು ಮಾಡುತ್ತದೆ.

ನಮಸ್ಕಾರ.