ಬಿಂಗ್‌ನಲ್ಲಿ ಕಳೆದ ವರ್ಷಗಳು: ಸತ್ಯ ನಾದೆಲ್ಲ ಅವರ ವೃತ್ತಿಯ ಹಿನ್ನೆಲೆ

ಮಾನ್ಯರೆ,

2014ರ ಫೆಬ್ರವರಿ 4ರಂದು ಮೈಕ್ರೋಸಾಫ್ಟ್ ತನ್ನ ಮೂರನೆಯ ಸಿಇಒ ಆಗಿ ಸತ್ಯ ನಾದೆಲ್ಲ ಅವರ ಹೆಸರನ್ನು ಪ್ರಕಟಿಸಿತು. ‘ಅವರು ನಮ್ಮ ಮಣಿಪಾಲದಲ್ಲಿ ಓದಿದವರು’ ಎಂದು ನಾವು ಇಂದಿಗೂ ಹೆಮ್ಮೆಪಡುತ್ತೇವೆ. ಹೈದರಾಬಾದಿನಲ್ಲಿ ಹುಟ್ಟಿದ ಅವರು ಮಣಿಪಾಲ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ (ಎಂಐಟಿ) ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ 1988ರಲ್ಲಿ ಪದವೀಧರರಾದರು. ಕಾಲೇಜು ಆಗ ಮಂಗಳೂರು ವಿಶ್ವವಿದ್ಯಾಲಯದ ಅಧೀನದಲ್ಲಿದ್ದುದರಿಂದ ಪದವಿಪತ್ರ ಆ ವಿಶ್ವವಿದ್ಯಾಲಯದ್ದು. ಹೆಮ್ಮೆ ಸಹಜವೇ. ಆದರೆ ನನ್ನ ದೃಷ್ಟಿಯಲ್ಲಿ ಅವರನ್ನು ಆ ಹುದ್ದೆಗೆ ಹದಗೊಳಿಸಿದ್ದು, ಮೈಕ್ರೋಸಾಫ್ಟ್‌ನ ಅಂತರ್ಜಾಲ ಹುಡುಕಾಟದ ಸೇವೆಯಾದ ಬಿಂಗ್‌ನಲ್ಲಿ ಅವರು ಕಳೆದ 2007ರಿಂದ 2011ರವರೆಗಿನ ವರ್ಷಗಳು. ಅವು ಗೆಲುವಿನ ವರ್ಷಗಳಲ್ಲವಾದ್ದರಿಂದಲೋ ಏನೋ, ಅವುಗಳ ಪ್ರಸ್ತಾಪ ಕಡಿಮೆ.

ಅದಕ್ಕೂ ಹಿಂದಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ವಿಸ್ಕಾನ್ಸಿನ್–ಮಿಲ್ವಾಕಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿ, ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, 1992ರಲ್ಲಿ ಮೈಕ್ರೋಸಾಫ್ಟ್ ಪ್ರವೇಶ. ಉದ್ಯೋಗದಲ್ಲಿದ್ದುಕೊಂಡೇ ವಾರಾಂತ್ಯಗಳಲ್ಲಿ ಷಿಕಾಗೊಗೆ ವಿಮಾನದಲ್ಲಿ ಹೋಗಿಬಂದು 1997ರಲ್ಲಿ ಎಂಬಿಎ ಮುಗಿಸಿದರು.

2007ರಲ್ಲಿ ಅವರು ಅಂತರ್ಜಾಲ ಸೇವೆಗಳ ವಿಭಾಗಕ್ಕೆ ಬಂದು, ಮುಂದೆ 2009ರಲ್ಲಿ ಬಿಂಗ್ ಎಂಬ ಹೆಸರು ಪಡೆದ ಹುಡುಕಾಟದ ಸೇವೆಯ ಎಂಜಿನಿಯರಿಂಗ್ ಹೊಣೆಯನ್ನು ಹೊತ್ತರು. ಎದುರಿಗಿದ್ದದ್ದು ಗೂಗಲ್; ವಿಭಾಗವು ವರ್ಷವರ್ಷವೂ ನಷ್ಟದಲ್ಲಿತ್ತು. ಇಲ್ಲಿ ಸೋತರೆ ಸಂಸ್ಥೆಯಲ್ಲಿ ಇದೇ ನಿಮ್ಮ ಕೊನೆಯ ಕೆಲಸವಾಗಬಹುದೆಂದು ಅಂದಿನ ಸಿಇಒ ಸ್ಟೀವ್ ಬಾಲ್ಮರ್ ಎಚ್ಚರಿಸಿದ್ದನ್ನು ನಾದೆಲ್ಲ ಅವರೇ ಬರೆದುಕೊಂಡಿದ್ದಾರೆ.

ಹಾಗಾದರೆ ಅಲ್ಲಿ ಕಲಿತದ್ದೇನು? ಮೈಕ್ರೋಸಾಫ್ಟ್ ಅದುವರೆಗೆ ಶ್ರೀಮಂತವಾದದ್ದು ತಂತ್ರಾಂಶವನ್ನು ಪೆಟ್ಟಿಗೆಯ ಸರಕಿನಂತೆ ಮಾರಿ. ಕೆಲವು ವರ್ಷಗಳಿಗೊಮ್ಮೆ ಹೊಸ ಆವೃತ್ತಿ ಹೊರಬರುತ್ತಿತ್ತು, ಕೊಂಡವರು ಅದನ್ನು ತಮ್ಮ ಯಂತ್ರಗಳಲ್ಲಿ ಅಳವಡಿಸಿಕೊಂಡು ತಾವೇ ನಡೆಸಿಕೊಳ್ಳುತ್ತಿದ್ದರು, ನಡುರಾತ್ರಿ ಯಂತ್ರ ನಿಂತರೆ ಎದ್ದು ಓಡಬೇಕಾದವರೂ ಅವರೇ. ಹುಡುಕಾಟದ ಸೇವೆ ಹಾಗಲ್ಲ. ಅಲ್ಲಿ ಬಳಕೆದಾರರಿಗೆ ಉತ್ತರ ಕೊಡುವ ಅಪಾರ ಸಂಖ್ಯೆಯ ಸರ್ವರ್ ಕಂಪ್ಯೂಟರ್‌ಗಳನ್ನು ಕಂಪನಿಯೇ ಹಗಲಿರುಳು ನಡೆಸಬೇಕು, ಯಾವುದೋ ಒಂದು ಯಂತ್ರ ಸದಾ ಕೆಟ್ಟಿರುತ್ತದೆಂಬ ಲೆಕ್ಕದ ಮೇಲೆಯೇ ವ್ಯವಸ್ಥೆಯನ್ನು ಕಟ್ಟಬೇಕು, ಒಂದು ಬದಲಾವಣೆಯನ್ನು ಕೆಲವು ಬಳಕೆದಾರರಿಗೆ ಮಾತ್ರ ತೋರಿಸಿ, ಅಳೆದು ನೋಡಿ, ಒಪ್ಪಿತವಾದರೆ ಎಲ್ಲರಿಗೂ ಕೊಡಬೇಕು. ತನ್ನ ಯಂತ್ರಗಳ ಸಾಮರ್ಥ್ಯವನ್ನು ಅಂತರ್ಜಾಲದ ಮೂಲಕ ಬಾಡಿಗೆಗೆ ಕೊಡುವ ಕ್ಲೌಡ್ ವ್ಯವಹಾರದ ಕಸುಬೂ ಇದೇ. ಬಿಂಗ್ ಗೂಗಲನ್ನು ಹಿಂದಿಕ್ಕಲಿಲ್ಲ. ಆದರೆ ಇಂಥ ಸೇವೆಯನ್ನು ಒಳಗಿನಿಂದ ಕಂಡವರು ಮೈಕ್ರೋಸಾಫ್ಟ್‌ಗೆ ದೊರೆತದ್ದು ಅಲ್ಲಿಯೇ.

2011ರಲ್ಲಿ ಅವರು ಸರ್ವರ್ ಮತ್ತು ಟೂಲ್ಸ್ ವಿಭಾಗದ ಅಧ್ಯಕ್ಷರಾದಾಗ ಪರಿಸ್ಥಿತಿ ತಲೆಕೆಳಗಾಗಿತ್ತು. ಸಂಸ್ಥೆಗಳಿಗೆ ಮಾರುತ್ತಿದ್ದ ತಂತ್ರಾಂಶಗಳಾದ ವಿಂಡೋಸ್ ಸರ್ವರ್, ಎಸ್‌ಕ್ಯೂಎಲ್ ಸರ್ವರ್‌ಗಳಿಂದ ಹಣ ಹರಿದುಬರುತ್ತಿದ್ದ ಆ ಮನೆಯಲ್ಲಿ, 2010ರಲ್ಲಷ್ಟೇ ಮಾರುಕಟ್ಟೆಗೆ ಬಂದಿದ್ದ ವಿಂಡೋಸ್ ಅಜೂರ್ ಎಂಬ ಕ್ಲೌಡ್ ಸೇವೆ ಇನ್ನೂ ಕೂಸು. ಲಾಭದಲ್ಲಿದ್ದವರಿಗೆ ದಾರಿ ಬದಲಿಸಿ ಎಂದು ಹೇಳುವುದು ನಷ್ಟದಲ್ಲಿದ್ದವರಿಗೆ ಹೇಳುವುದಕ್ಕಿಂತ ಕಷ್ಟ. 2012ರಲ್ಲಿ ಅಜೂರ್‌ನೊಳಗೆ ವಿಂಡೋಸ್‌ನ ಪ್ರತಿಸ್ಪರ್ಧಿಯಾದ ಮುಕ್ತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್‌ನಲ್ಲಿ ನಡೆಯುವ ಯಂತ್ರಗಳಿಗೂ ಜಾಗ ಸಿಕ್ಕಿತು. ಲಿನಕ್ಸನ್ನು ವರ್ಷಗಟ್ಟಲೆ ಶತ್ರುವೆಂದೇ ಎಣಿಸಿದ್ದ ಸಂಸ್ಥೆಯಲ್ಲಿ ಇದು ಬರಿಯ ತಾಂತ್ರಿಕ ತೀರ್ಮಾನವಾಗಿರಲಾರದು.

ಸಿಇಒ ಆದ ಕೆಲವೇ ವಾರಗಳಲ್ಲಿ, ಮಾರ್ಚ್ 27ರಂದು, ಅವರು ಆಪಲ್‌ನ ಐಪ್ಯಾಡಿಗೆ ಆಫೀಸ್ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಅಜೂರ್‌ನ ಹೆಸರಿನಿಂದ ‘ವಿಂಡೋಸ್’ ಎಂಬ ಪದವನ್ನು ತೆಗೆದು ‘ಮೈಕ್ರೋಸಾಫ್ಟ್’ ಎಂದು ಸೇರಿಸಿದ್ದೂ ಅದೇ ಹೊತ್ತಿಗೆ. ಇವೆರಡನ್ನೂ ಹೊಸ ಯುಗದ ಆರಂಭವೆಂದು ಆಗ ಕೊಂಡಾಡಿದ್ದುಂಟು. ಆದರೆ ಐಪ್ಯಾಡಿನ ಆಫೀಸ್‌ನ ಕೆಲಸ ಬಾಲ್ಮರ್ ಅವರ ಅವಧಿಯಲ್ಲಿಯೇ ಆರಂಭವಾಗಿತ್ತು, ಅಜೂರ್ ಹುಟ್ಟಿದ್ದೂ ಅವರ ಅವಧಿಯಲ್ಲಿಯೇ. ಬಿಂಗ್‌ಗೆ ನಾದೆಲ್ಲ ಅವರನ್ನು ಎಚ್ಚರಿಕೆಯ ಮಾತು ಹೇಳಿ ಕಳುಹಿಸಿದ್ದವರೂ ಅದೇ ಬಾಲ್ಮರ್.