ಜೋಳ ಹಾಲುಗಟ್ಟುವ ಹೊತ್ತಿಗೆ: ವಿಜಯಪುರದ ಚಳಿ, ಗೆಳೆಯರ ಬಳಗ

ನಮಸ್ಕಾರ. ಕಳೆದ ಕೆಲವು ವಾರಗಳಲ್ಲಿ ವಿಜಯಪುರದ ಸುತ್ತಮುತ್ತ ಗೆಳೆಯರೊಂದಿಗೆ ತಿರುಗಾಡುತ್ತ ಹಿಡಿದಿಟ್ಟುಕೊಂಡ ತುಣುಕುಗಳನ್ನು ಈ ವಿಡಿಯೋದಲ್ಲಿ ಜೋಡಿಸಿದ್ದೇನೆ. ನಮ್ಮ ಬಳಗದಲ್ಲಿ ಆಸ್ಪತ್ರೆಯ ಪಾಳಿಯಲ್ಲಿ ದುಡಿಯುವವಳು ಒಬ್ಬಳಿದ್ದಾಳೆ, ಕಾಲೇಜಿನಲ್ಲಿ ಪಾಠ ಹೇಳುವವನಿದ್ದಾನೆ, ಅಪ್ಪನ ಕಿರಾಣಿ ಅಂಗಡಿಯನ್ನು ನೋಡಿಕೊಳ್ಳುವವನಿದ್ದಾನೆ, ಬೆಂಗಳೂರಿಗೆ ಹೋಗಿ ನೆಲೆಸಿದವನೂ ಇದ್ದಾನೆ. ಹಾಗಾಗಿ ಎಲ್ಲರ ಬಿಡುವು ಒಂದೇ ದಿನ ಕೂಡಿಬರುವುದು ಅಪರೂಪ. ಆದರೂ ಎಳ್ಳಮಾವಾಸ್ಯೆಯಿಂದ ಸಂಕ್ರಮಣ ದಾಟುವವರೆಗಿನ ಅವಧಿಯಲ್ಲಿ ನಾವು ಹೇಗಾದರೂ ಮಾಡಿ ಸೇರುತ್ತೇವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಾಂಕ ಗೊತ್ತುಮಾಡಲು ಗದ್ದಲ ಎಬ್ಬಿಸುವವರು ನಾವಾದರೂ, ಅದನ್ನು ನಿಜವಾಗಿ ನಿರ್ಧರಿಸುವುದು ಹೊಲದಲ್ಲಿ ನಿಂತ ಹಿಂಗಾರಿ ಜೋಳ.

ಅದಕ್ಕೂ ಮೊದಲು ಗೋಳಗುಮ್ಮಟಕ್ಕೆ ಹೋದ ಮುಂಜಾವಿನ ದೃಶ್ಯಗಳಿವೆ. ಊರಿನಲ್ಲೇ ಹುಟ್ಟಿ ಬೆಳೆದವರು ಅಲ್ಲಿ ಹೊಸದಾಗಿ ನೋಡುವುದೇನಿದೆ ಎಂದು ನೀವು ಕೇಳಬಹುದು. ನಮ್ಮಲ್ಲಿ ಬಹಳಷ್ಟು ಜನ ಮನೆಗೆ ನೆಂಟರು ಬಂದಾಗ ಮಾತ್ರ ಗುಮ್ಮಟದ ಒಳಗೆ ಕಾಲಿಡುವವರು, ಅದೂ ಮಧ್ಯಾಹ್ನದ ಜನಜಂಗುಳಿಯಲ್ಲಿ. ಈ ಸಲ ಬೆಂಗಳೂರಿನಿಂದ ರಾತ್ರಿ ರೈಲಿಗೆ ಬಂದ ಗೆಳೆಯನನ್ನು ಕರೆತರಲು ನಿಲ್ದಾಣಕ್ಕೆ ಹೋದವರು, ಅವನ ಬ್ಯಾಗನ್ನು ಕಾರಿನಲ್ಲಿಯೇ ಬಿಟ್ಟು, ಮುಖವನ್ನೂ ತೊಳೆಯಗೊಡದೆ ಅವನನ್ನು ನೇರವಾಗಿ ಅಲ್ಲಿಗೇ ಕರೆದೊಯ್ದೆವು.

1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಗೋರಿಯ ಮೇಲೆ ನಿಂತಿರುವ ಈ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ನಡುವೆ ಒಂದು ಕಂಬವೂ ಇಲ್ಲದೆ, ಒಂದನ್ನೊಂದು ಅಡ್ಡಹಾಯ್ದು ಹೆಣೆದುಕೊಂಡ ಎಂಟು ಕಮಾನುಗಳು ಅದರ ಭಾರವನ್ನು ಗೋಡೆಗಳಿಗೆ ಇಳಿಸುತ್ತವೆ. ಮೂಲೆಯ ಏಳಂತಸ್ತಿನ ಗೋಪುರದ ಕಿರಿದಾದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿ, ಗುಮ್ಮಟದ ಬುಡವನ್ನು ಸುತ್ತುವರಿದ ಪಿಸುಮಾತಿನ ಮೊಗಸಾಲೆಯನ್ನು ತಲುಪಿದಾಗ ಅಲ್ಲಿ ನಮ್ಮನ್ನು ಬಿಟ್ಟರೆ ಪಾರಿವಾಳಗಳಷ್ಟೇ ಇದ್ದವು. ಶಾಲೆಯ ಮಕ್ಕಳ ಪ್ರವಾಸದ ಬಸ್ಸುಗಳು ಬಂದ ಮೇಲೆ ಅಲ್ಲಿ ಕೂಗು, ಸೀಟಿ, ಅವುಗಳ ಮಾರ್ದನಿ ಎಲ್ಲವೂ ಕಲಸಿಹೋಗಿ, ಪಿಸುಮಾತು ಎಂಬುದು ಹೆಸರಿಗಷ್ಟೇ ಉಳಿಯುತ್ತದೆ. ಅಂದು ಹಾಗಾಗಲಿಲ್ಲ. ಗೆಳತಿ ಆಚೆ ಬದಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತು, ಕಿಸೆಯಲ್ಲಿದ್ದ ಹಳೆಯ ಬಸ್ ಟಿಕೆಟನ್ನು ಮೆಲ್ಲಗೆ ಹರಿದಳು. ನಡುವೆ ಅಷ್ಟು ದೊಡ್ಡ ಬಯಲು ಬಾಯ್ದೆರೆದಿದ್ದರೂ ಕಾಗದ ಸೀಳುವ ಆ ಸಪ್ಪಳ ನನ್ನ ಕಿವಿಯ ಪಕ್ಕದಲ್ಲೇ ಆದಂತೆ ಕೇಳಿಸಿತು. ಸದ್ದು ನಡುವಿನ ಗಾಳಿಯಲ್ಲಿ ಚದುರಿಹೋಗದೆ, ಬಾಗಿದ ನಯವಾದ ಗೋಡೆಯನ್ನೇ ಹಿಡಿದು ಸುತ್ತಿ ಬರುವುದರಿಂದ ಹೀಗಾಗುತ್ತದೆ ಎಂದು ಕಾಲೇಜಿನ ಗೆಳೆಯ ವಿವರಿಸಿದ. ವಿವರಣೆ ಸರಿಯೇ ಇತ್ತು. ಆದರೆ ಅವನು ಅದನ್ನು ಗಟ್ಟಿಯಾಗಿ ಹೇಳಿದ್ದರಿಂದ ಅದರ ಪ್ರತಿಯೊಂದು ಶಬ್ದವನ್ನೂ ನಾವು ಹಲವು ಬಾರಿ ಕೇಳಬೇಕಾಯಿತು. ಆ ಭಾಗವನ್ನು ನಾನು ಕತ್ತರಿಸಿಲ್ಲ, ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಈಗ ನಿಮಗೆ ಕಾಣುತ್ತಿರುವುದು ಸಾರವಾಡದ ಆಚೆ, ಡೋಣಿ ಹೊಳೆಯ ಸಾಲಿನ ಎರೆಹೊಲ. ಅಂಗಡಿಯ ಗೆಳೆಯನ ಸೋದರಮಾವನವರಿಗೆ ಸೇರಿದ ಈ ಹೊಲಕ್ಕೆ ನಾವು ಸೀತನಿ ತಿನ್ನಲು ಹೋಗಿದ್ದೆವು. ಹೊರಗಿನವರಿಗಾಗಿ ಒಂದು ಮಾತು: ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿಬಿಸಿ ಕಾಳನ್ನು ಹೊಲದಲ್ಲಿಯೇ ಕುಳಿತು ತಿನ್ನುವುದಕ್ಕೆ ಸೀತನಿ ಎನ್ನುತ್ತೇವೆ. ಇದು ಹೋಟೆಲಿನಲ್ಲಿ ಸಿಗುವ ಪದಾರ್ಥವಲ್ಲ. ಪೇಟೆಯಲ್ಲಿ ಚೀಲ ಕಟ್ಟಿ ಮಾರುವವರಿದ್ದಾರೆ, ನಿಜ; ಆದರೆ ಆರಿದ ಸೀತನಿಯನ್ನು ಮನೆಗೆ ತಂದು ತಿನ್ನುವುದಕ್ಕಿಂತ ಆ ದಿನ ಉಪ್ಪಿಟ್ಟು ತಿಂದು ಸುಮ್ಮನಿರುವುದು ಲೇಸು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ ಬಿತ್ತಿದ ಜೋಳಕ್ಕೆ ಆಮೇಲೆ ಮಳೆ ಬಾರದಿದ್ದರೂ ನಡೆಯುತ್ತದೆ. ಕರಿಯ ಎರೆಮಣ್ಣು ತನ್ನೊಳಗೆ ಹಿಡಿದಿಟ್ಟುಕೊಂಡ ಹಸಿ ಮತ್ತು ಚಳಿಗಾಲದ ಇಬ್ಬನಿಯ ಮೇಲೆಯೇ ಅದು ಆಳೆತ್ತರ ಬೆಳೆಯುತ್ತದೆ. ತೆನೆ ಹೊರಬಿದ್ದು ಕಾಳು ಕಟ್ಟುವಾಗ ಮೊದಲು ಅದರೊಳಗೆ ಹಾಲಿನಂಥ ರಸವಿರುತ್ತದೆ. ಆ ರಸ ಗಟ್ಟಿಯಾಗಿ, ಉಗುರಿನಿಂದ ಒತ್ತಿದರೆ ಹಿಟ್ಟಿನಂತೆ ಮೆತ್ತಗಾಗುವ ಹಂತವೊಂದಿದೆ. ಆಗ ಕಾಳಿನಲ್ಲಿ ಸಿಹಿ ಇನ್ನೂ ಉಳಿದಿರುತ್ತದೆ. ದಿನ ಕಳೆದಂತೆ ಆ ಸಕ್ಕರೆಯ ಅಂಶ ಪಿಷ್ಟವಾಗಿ ಬದಲಾಗಿ ಕಾಳು ಬಲಿಯುತ್ತದೆ, ಆಮೇಲೆ ಅದು ರೊಟ್ಟಿಗೆ ಮಾತ್ರ ಸೈ. ಹೀಗಾಗಿ ಒಂದು ಹೊಲದಲ್ಲಿ ಸೀತನಿಯ ಹದ ಇರುವುದೇ ಕೆಲವು ದಿನ. ಬೆಂಗಳೂರಿನ ಗೆಳೆಯ ಮುಂದಿನ ತಿಂಗಳು ರಜೆ ಸಿಗುವುದೆಂದು ಫೋನಿನಲ್ಲಿ ಹೇಳಿದ್ದಾಗ, ಮಾವನವರು ಕೊಟ್ಟ ಉತ್ತರ ಹೀಗಿತ್ತು: "ತಮ್ಮಾ, ನಿಮ್ಮ ಸಾಹೇಬ್ರ ರಜಾ ಕೊಡೂತನಾ ಜ್ವಾಳ ಕಾಯಂಗಿಲ್ಲೋ. ಬರೂದಿದ್ರ ಈಗ ಬಾ." ಅವನು ಬಂದ.

ನಾವು ತಲುಪುವಷ್ಟರಲ್ಲಿ ಮಾವನವರು ಬದುವಿನ ಮೇಲೆ ಸಣ್ಣ ಕುಣಿ ತೋಡಿ, ಅದರಲ್ಲಿ ಕುಳ್ಳು ಹೊತ್ತಿಸಿ, ಉರಿ ಇಳಿದು ಕೆಂಡವಾಗುವುದನ್ನು ಕಾಯುತ್ತ ಕುಳಿತಿದ್ದರು. ಉರಿಯಲ್ಲಿ ಹಿಡಿದರೆ ತೆನೆಯ ಮೇಲುಭಾಗ ಕರಕಾಗಿ ಒಳಗಿನ ಕಾಳು ಹಸಿಯಾಗಿಯೇ ಉಳಿಯುತ್ತದೆ. ಬಿಸಿಬೂದಿ ಮುಚ್ಚಿದ ಕೆಂಡದಲ್ಲಿ ಹುಗಿದು ಆಗಾಗ ಹೊರಳಿಸಿದರೆ ಕಾಳು ತನ್ನ ಹಸಿಯಲ್ಲಿಯೇ ಬೇಯುತ್ತದೆ. ಹೊಗೆಯಾಡುವ ತೆನೆಯನ್ನು ಹೊರತೆಗೆದು ಕೊಡುವುದೇ ತಡ, ಅತ್ತೆಯವರು ಅದನ್ನು ಬುಟ್ಟಿಯೊಳಗೆ ಹಿಡಿದು ಎರಡೂ ಅಂಗೈಗಳಿಂದ ಉಜ್ಜುತ್ತಿದ್ದರು. ಅವರ ಕೈಗಳನ್ನು ಹತ್ತಿರದಿಂದ ತೆಗೆದ ಈ ದೃಶ್ಯವನ್ನು ಬೇಕೆಂದೇ ಉದ್ದವಾಗಿ ಇಟ್ಟಿದ್ದೇನೆ. ಅಂಗೈಗೆ ಬೂದಿ ಮೆತ್ತಿದೆ, ಬಳೆಗಳು ಮೊಣಕೈವರೆಗೆ ಸರಿದಿವೆ, ತೆನೆ ತಿರುಗಿದಂತೆಲ್ಲ ಹಸಿರು ಮುತ್ತಿನಂಥ ಕಾಳುಗಳು ಉದುರುತ್ತಿವೆ. ಬಳಿಕ ಅದನ್ನು ಮೊರಕ್ಕೆ ಸುರಿದು ಕೇರಿದಾಗ ಸಿಪ್ಪೆಯೆಲ್ಲ ಗಾಳಿಗೆ ಹಾರಿಹೋಯಿತು. ನಮ್ಮಲ್ಲಿ ಇಬ್ಬರು ಉಜ್ಜಲು ಕುಳಿತರು. ಬಿಸಿ ತಾಳದೆ ಕೈ ಝಾಡಿಸಿ ಎದ್ದರು, ಜೊತೆಗೆ ತೆನೆಯ ಸುಂಕು, ಎಂದರೆ ಅದರ ನವಿರಾದ ಧೂಳು, ತಾಗಿ ಮೊಣಕೈವರೆಗೆ ತುರಿಕೆ ಬೇರೆ. ಅತ್ತೆಯವರು ನಗುತ್ತ, "ಬಿಡ್ರೆವ್ವಾ, ನೀವು ತಿನ್ನೂ ಕೆಲಸಾ ಮಾಡ್ರಿ, ಅದು ಛಲೋ ಬರ್ತೈತಿ ನಿಮಗ" ಎಂದರು.

ಆ ಕೆಲಸವನ್ನು ನಾವು ನಿಷ್ಠೆಯಿಂದ ಮಾಡಿದೆವು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬೆಲ್ಲದ ಚೂರು, ಗಡಿಗೆಯಲ್ಲಿ ಹೆಪ್ಪಾದ ಕೆನೆಮೊಸರು. ಬಿಸಿ ಸೀತನಿಯ ಮೇಲೆ ಶೇಂಗಾ ಹಿಂಡಿ ಉದುರಿಸಿ ಬಾಯಿಗೆ ಹಾಕಿಕೊಂಡಾಗ ಮೊದಲು ಹೊಗೆಯ ವಾಸನೆ, ಆಮೇಲೆ ಬೆಳ್ಳುಳ್ಳಿಯ ಖಾರ, ಅಗಿದಂತೆಲ್ಲ ಕಾಳಿನ ಸಿಹಿ. ಆಸ್ಪತ್ರೆಯ ಗೆಳತಿ ರಾತ್ರಿಪಾಳಿ ಮುಗಿಸಿ ಬಂದವಳು, ತಿಂದ ಮೇಲೆ ಕಣಕಿಯ, ಎಂದರೆ ಜೋಳದ ದಂಟಿನ, ಸಿವುಡಿಗೆ ಒರಗಿ ನಿದ್ದೆಹೋದಳು. ಅವಳನ್ನು ಎಬ್ಬಿಸದೆ ಉಳಿದವರು ಪಕ್ಕದ ಕಡಲೆ ಹೊಲಕ್ಕೆ ಹೋದೆವು. ಕಡಲೆ ಗಿಡದ ಎಲೆಯ ಮೇಲೆ ಒಸರುವ ಹುಳಿಯನ್ನು ಹಿಂದೆ ರಾತ್ರಿ ಬಟ್ಟೆ ಹಾಸಿಟ್ಟು, ಇಬ್ಬನಿಯೊಂದಿಗೆ ಅದು ಬಟ್ಟೆಗೆ ಇಳಿದ ಮೇಲೆ ಬೆಳಗ್ಗೆ ಹಿಂಡಿ ತೆಗೆದಿಡುತ್ತಿದ್ದರೆಂದು ಮಾವನವರು ಹೇಳಿದರು. ಹೊಟ್ಟೆನೋವಿಗೆ ಅದೇ ಮನೆಮದ್ದಾಗಿತ್ತಂತೆ. ಸುಲಗಾಯಿ, ಎಂದರೆ ಕಡಲೆ ಗಿಡದ ಹಸಿಕಾಯಿ, ಬಿಡಿಸಿ ತಿನ್ನುತ್ತ ಎಲೆಯನ್ನೂ ನೆಕ್ಕಿ ನೋಡಿದೆವು, ನಾಲಿಗೆ ಚುರುಗುಟ್ಟಿತು.

ಹೊರಡುವ ಮುನ್ನ ಹಂತಿಯ ಪದ ಹಾಡಬೇಕೆಂದು ಮಾವನವರನ್ನು ಕೇಳಿಕೊಂಡೆವು. ಕಣದಲ್ಲಿ ಎತ್ತುಗಳನ್ನು ತಿರುಗಿಸಿ ತೆನೆ ತುಳಿಸುತ್ತಿದ್ದ ಕಾಲದಲ್ಲಿ ರಾತ್ರಿಯಿಡೀ ಹಾಡುತ್ತಿದ್ದ ಪದಗಳಿವು. ಒಬ್ಬರು ಎತ್ತಿಕೊಟ್ಟರೆ ಉಳಿದವರು ದನಿಗೂಡಿಸಬೇಕು. ರಾಶಿ ಮಾಡಲು ಯಂತ್ರ ಬಂದ ಮೇಲೆ ಹಂತಿಯೂ ಹೋಯಿತು, ಅದರ ಪದಗಳೂ ಬಹುಮಟ್ಟಿಗೆ ಹೋದವು. ಅವರು ಒಂದು ನುಡಿ ಹಾಡಿ, ದನಿಗೂಡಿಸುವವರಿಲ್ಲದೆ ಪದ ಏಳುವುದಿಲ್ಲವೆಂದು ನಿಲ್ಲಿಸಿಬಿಟ್ಟರು. ರೆಕಾರ್ಡ್ ಮಾಡಬೇಡಿ ಎಂದು ಅವರು ಮೊದಲೇ ಹೇಳಿದ್ದರಿಂದ ಅದು ಈ ವಿಡಿಯೋದಲ್ಲಿ ಇಲ್ಲ.

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯನ್ನು ಬೇಗ ದಾಟಿಸುತ್ತೇನೆ, ಏಕೆಂದರೆ ಅದರ ವಿಡಿಯೋಗಳು ಈಗಾಗಲೇ ಸಾಕಷ್ಟಿವೆ. ನಂದಿಕೋಲಿನ ಮೆರವಣಿಗೆಯಲ್ಲಿ ನಿಂತಲ್ಲಿ ನಿಲ್ಲಲಾಗದಷ್ಟು ಜನ. ಕುಸುರೆಳ್ಳು ಹಂಚುತ್ತ, ಎಳ್ಳುಬೆಲ್ಲದಂತೆ ಇರೋಣ ಎಂದು ಒಬ್ಬರಿಗೊಬ್ಬರು ಹೇಳಿಕೊಂಡ ನಮ್ಮ ಬಳಗ, ಸುಸಲಾ (ಒಗ್ಗರಣೆ ಹಾಕಿದ ಮಂಡಕ್ಕಿ) ಮತ್ತು ಮಿರ್ಚಿ ತಿಂದ ಮೇಲೆ ಹಣ ಯಾರು ಕೊಡಬೇಕೆಂಬ ವಿಷಯಕ್ಕೆ ಬೀದಿಯಲ್ಲಿಯೇ ಜಗಳವಾಡಿತು. ಈ ಜಗಳ ನಮಗೆ ಹೊಸದಲ್ಲ. ಪ್ರತಿಯೊಬ್ಬರೂ ತಾನೇ ಕೊಡುವೆನೆಂದು ಹಟ ಹಿಡಿಯುವುದರಿಂದ ಅಂಗಡಿಯವರಿಗೆ ಮಾತ್ರ ಬೇಸರ.

ಕೊನೆಯ ದೃಶ್ಯಗಳು ತೊರವಿಯ ಸಂಗೀತ ಮಹಲಿನವು. ಸಂಗೀತವನ್ನು ಬಹಳವಾಗಿ ಪ್ರೀತಿಸಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ನವರಸಪುರ ಎಂಬ ಹೊಸ ನಗರವನ್ನು ಕಟ್ಟಿಸಲು ತೊಡಗಿದ್ದು ಇಲ್ಲಿಯೇ. ಕೆಲಸ ಪೂರ್ತಿಯಾಗುವ ಮುನ್ನವೇ, 1624ರಲ್ಲಿ, ಅಹಮದ್‌ನಗರದ ಮಲಿಕ್ ಅಂಬರನ ದಂಡು ಬಂದು ನಗರವನ್ನು ಹಾಳುಗೆಡವಿತು. ಉಳಿದಿರುವ ಕಮಾನಿನ ಮುಂದೆ ಸಂಜೆಯ ಬಿಸಿಲು ಬೀಳುವ ಹೊತ್ತಿಗೆ, ಪ್ರವಾಸಿಗರು ಹೆಚ್ಚಾಗಿ ಬಾರದ ಈ ಜಾಗದಲ್ಲಿ ಗಂಟೆಗಟ್ಟಲೆ ಹರಟೆ ಹೊಡೆಯಬಹುದು. ಗೋಳಗುಮ್ಮಟದ ಮುಂದೆ ಫೋಟೋ ತೆಗೆಸಿಕೊಂಡು ಮರಳುವ ಪ್ರತಿಯೊಬ್ಬರನ್ನೂ ಇಲ್ಲಿಗೆ ಕಳಿಸಬೇಕು ಎಂದು ಒಮ್ಮೆ ಅನಿಸುತ್ತದೆ. ಕಳಿಸಿದರೆ ನಮಗೆ ಕೂರಲು ಜಾಗ ಉಳಿಯುವುದಿಲ್ಲವಲ್ಲ ಎಂದೂ ಅನಿಸುತ್ತದೆ. ಅಂಗಡಿಯ ಗೆಳೆಯ ಮಾವನವರಿಂದ ಕೇಳಿದ ಹಂತಿಯ ನುಡಿಯನ್ನು ನೆನಪಿಸಿಕೊಂಡು ಎತ್ತಿಕೊಟ್ಟ. ಈ ಸಲ ದನಿಗೂಡಿಸಲು ನಾವಿದ್ದೆವು, ಶ್ರುತಿಯ ವಿಷಯ ಬೇರೆ.

ಬೆಂಗಳೂರಿನ ಗೆಳೆಯ ಮರುದಿನವೇ ಹಿಂದಿರುಗಿದ. ಈಗ ತಿಕೋಟಾ ಕಡೆಯ ತೋಟಗಳಲ್ಲಿ ದ್ರಾಕ್ಷಿ ಹಣ್ಣಾಗುತ್ತ ಬಂದಿದೆ. ಕೊಯ್ದ ಗೊಂಚಲುಗಳನ್ನು ನೆರಳಿನ ಶೆಡ್ಡುಗಳಲ್ಲಿ ಬಲೆಯ ಅಟ್ಟಣಿಗೆಗಳ ಮೇಲೆ ಹರವಿ ಒಣದ್ರಾಕ್ಷಿ ಮಾಡುವ ಕೆಲಸ ಇನ್ನೇನು ಆರಂಭವಾಗಲಿದೆ. ಪರಿಚಯದ ರೈತರೊಬ್ಬರು ಶೆಡ್ಡಿನೊಳಗೆ ಕ್ಯಾಮೆರಾ ತರಲು ಒಪ್ಪಿದ್ದಾರೆ. ಯಾವ ದಿನ ಬರಬೇಕೆಂದು ಕೇಳಿದ್ದಕ್ಕೆ, ಹಣ್ಣಿನ ಸಿಹಿ ನೋಡಿಕೊಂಡು ಹಿಂದಿನ ದಿನ ಸಂಜೆ ಫೋನ್ ಮಾಡುವುದಾಗಿ ಹೇಳಿದ್ದಾರೆ. ಆಸ್ಪತ್ರೆಯ ಗೆಳತಿ ತನ್ನ ಪಾಳಿಯನ್ನು ಬದಲಿಸಿಕೊಳ್ಳಲು ಈಗಿನಿಂದಲೇ ಜೊತೆಯವರಿಗೆ ದುಂಬಾಲು ಬಿದ್ದಿದ್ದಾಳೆ.